ಜೋಡಾಟ

2025ರ ಆಗಸ್ಟ್ ತಿಂಗಳ ಕೊನೆ. ಆಟಿ ಕಳೆದು ಸೋಣ ಬಂದಿದ್ದರೂ ಕೊಡಿಯಾಲ್‌ಬೈಲಿನ ನಮ್ಮ ಮಾಡಿನ ಮೇಲೆ ಮಳೆಯ ಸದ್ದು ನಿಂತಿರಲಿಲ್ಲ. ಶಾಲೆಯಿಂದ ಬಂದವಳು ಒದ್ದೆಯಾದ ಸೀರೆಯ ಅಂಚು ಹಿಂಡಿ, ಒಂದು ಲೋಟ ಚಾ ಮಾಡಿಕೊಂಡು, ಎಂಟನೆಯ ತರಗತಿಯ ಕಿರುಪರೀಕ್ಷೆಗೆ ಪ್ರಶ್ನೆಪತ್ರಿಕೆ ಸಿದ್ಧಮಾಡೋಣವೆಂದು ಲ್ಯಾಪ್‌ಟಾಪ್ ತೆರೆದೆ. ಪರದೆ ತುಂಬ ಒಂದು ನೋಟೀಸು. ವಿಂಡೋಸ್ 10ಕ್ಕೆ ಕಂಪೆನಿಯ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಅದರ ಸಾರಾಂಶ. ಕೆಳಗೆ ಕೆಲವು ಗುಂಡಿಗಳು. ಅದರಲ್ಲಿ 'ಆಮೇಲೆ ನೆನಪಿಸಿ' ಎಂಬ ಅರ್ಥದ್ದು ಯಾವುದೆಂದು ಹುಡುಕಿ ಅದನ್ನೇ ಒತ್ತಿದೆ. ನಮಗೆ ಹೆಂಗಸರಿಗೆ ಬದುಕಿನಲ್ಲಿ ಹೆಚ್ಚು ಅಭ್ಯಾಸವಿರುವ ಗುಂಡಿ ಅದೇ ಅಲ್ಲವೆ?

ಒತ್ತಿದ ಮೇಲೆ ಮಾತ್ರ ಮನಸ್ಸಿಗೆ ಏನೋ ಕಸಿವಿಸಿ. ನನ್ನ ನಿವೃತ್ತಿಗೆ ಇನ್ನೂ ಮೂರು ವರ್ಷ ಉಂಟು. ನನ್ನ ಲ್ಯಾಪ್‌ಟಾಪಿಗೆ ಏಳು ವಾರ!

ಈ ಯಂತ್ರವನ್ನು ನಾನು ಕೊಂಡದ್ದು 2016ರಲ್ಲಿ, ಸಂಬಳದ ಬಾಕಿ ಹಣ ಒಟ್ಟಿಗೆ ಕೈಸೇರಿದಾಗ. ಬಳೆ, ಸರ, ಫ್ರಿಜ್ಜು ಎಲ್ಲ ಯಾರದೋ ಮದುವೆಗೋ ಯಾರದೋ ಅಗತ್ಯಕ್ಕೋ ಬಂದವು. ನನಗಾಗಿ, ನನ್ನ ಹೆಸರಿನ ರಸೀದಿಯಲ್ಲಿ ಬಂದ ಮೊದಲ ವಸ್ತು ಇದು. ಒಂಬತ್ತು ವರ್ಷದ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ವಾರ್ಷಿಕೋತ್ಸವದ ನಾಟಕಗಳು ಇದರ ಹೊಟ್ಟೆಯಲ್ಲಿವೆ. ಎಲ್ಲಕ್ಕಿಂತ ಮುಖ್ಯವಾಗಿ ನನ್ನ ಅಮ್ಮನ ಹಾಡುಗಳಿವೆ. 2017 ಮತ್ತು 2018ರ ಎರಡು ಮಳೆಗಾಲ ಅಮ್ಮ ನಮ್ಮಲ್ಲೇ ಇದ್ದರು. ಹೊರಗೆ ಹೋಗುವಂತಿಲ್ಲ, ಮಂಡಿನೋವು ಬೇರೆ. ಸಂಜೆ ಹೊತ್ತು ಅವರು ಮದುವೆಯ ಶೋಭಾನೆ, ತೊಟ್ಟಿಲ ಹಾಡು, ಸೀಮಂತದ ಹಾಡು ಒಂದೊಂದಾಗಿ ಹೇಳುವುದು, ನಾನು ಟೈಪು ಮಾಡುವುದು. ಅರವತ್ತೆರಡು ಹಾಡು ಆಯಿತು. 2019ರಲ್ಲಿ ಅಮ್ಮ ಹೋದರು.

ಆ ಹಾಡುಗಳು ಈ ಯಂತ್ರದಲ್ಲಿ ಮಾತ್ರ ಹಾಡುಗಳು. ಒಮ್ಮೆ ಪೆನ್ ಡ್ರೈವಿಗೆ ಹಾಕಿ ಬೇರೊಂದು ಕಂಪ್ಯೂಟರಿನಲ್ಲಿ ತೆರೆದಿದ್ದೆ. ಅಮ್ಮನ ಒಂದು ಪದವೂ ಇಲ್ಲ. ಇಂಗ್ಲಿಷಿನ ಅಕ್ಷರ, ಕೊಕ್ಕೆ, ಟೋಪಿ, ಡಾಲರಿನ ಚಿಹ್ನೆ! ಎದೆ ಧಸಕ್ಕೆಂದಿತು. ಮನೆಗೆ ಓಡಿಬಂದು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಎಲ್ಲ ಸರಿಯಿತ್ತು. ಅಂದಿನಿಂದ ಅದನ್ನು ಹೊರಗೆ ತೆಗೆಯುವ ಧೈರ್ಯ ಮಾಡಿಲ್ಲ. ಹಳೆಯ ಪಿಂಗಾಣಿ ಭರಣಿಯನ್ನು ಅಟ್ಟದಿಂದ ಇಳಿಸಲು ಹೆದರುವ ಹಾಗೆ.

ರಾತ್ರಿ ಬೆಂಗಳೂರಿನಿಂದ ಮಗ ಫೋನು ಮಾಡಿದಾಗ ನೋಟೀಸಿನ ಸಂಗತಿ ಹೇಳಿದೆ.

"ಅಮ್ಮಾ, ಅದನ್ನು ಗುಜರಿಗೆ ಹಾಕು. ನಿನ್ನ ಪ್ರೊಸೆಸರು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಈಗ ಎಐ ಇರುವ ಹೊಸ ನಮೂನೆ ಬಂದುಂಟು, ತೆಗೆದುಕೊಡ್ತೇನೆ" ಎಂದ. ಆಮೇಲೆ ಶುರುವಾಯಿತು ನೋಡಿ ಅವನ ಪುರಾಣ! ಯಾವ ಕಂಪೆನಿ ಯಾವ ತಿಂಗಳು ಯಾವ ಯಂತ್ರ ಬಿಡುಗಡೆ ಮಾಡಿತು, ಅದಕ್ಕೆ ಎದುರಾಳಿ ಏನು ಉತ್ತರ ಕೊಟ್ಟಿತು ಎಂದು. 2020ರಲ್ಲಿ ಆಪಲ್‌ನವರು ಇಂಟೆಲ್‌ನ ಸಹವಾಸ ಬಿಟ್ಟು ಎಂ1 ಎಂಬ ತಮ್ಮದೇ ಚಿಪ್ಪು ತಂದರು. 2024ರ ಮೇಯಲ್ಲಿ ಮೈಕ್ರೋಸಾಫ್ಟ್‌ನವರು ಕೋಪೈಲಟ್ ಪ್ಲಸ್ ಎಂಬ ಹೊಸ ಜಾತಿಯ ಕಂಪ್ಯೂಟರನ್ನು ಘೋಷಿಸಿ, ಇದು ಆಪಲ್‌ನ ಮ್ಯಾಕ್‌ಬುಕ್ ಏರ್‌ಗಿಂತಲೂ ವೇಗ ಎಂದು ವೇದಿಕೆಯಲ್ಲೇ ಹೇಳಿಕೊಂಡರು. ಅದರಲ್ಲಿ ಎಐ ಲೆಕ್ಕಕ್ಕೆಂದೇ ಇರುವ ಭಾಗ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುತ್ತದಂತೆ. ಕೇಳುತ್ತಾ ಕೇಳುತ್ತಾ ನನಗೆ ನಿದ್ದೆಯ ಬದಲು ಬಾಲ್ಯ ನೆನಪಾಯಿತು.

ನಾನು ಸಣ್ಣವಳಿದ್ದಾಗ ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಜೋಡಾಟ ನಡೆಯುತ್ತಿತ್ತು. ಎರಡು ಮೇಳ, ಅಕ್ಕಪಕ್ಕದಲ್ಲಿ ಎರಡು ರಂಗಸ್ಥಳ, ಪ್ರಸಂಗ ಮಾತ್ರ ಒಂದೇ. ಇಲ್ಲಿಯ ವೇಷ ಹತ್ತು ಸುತ್ತು ಧೀಂಗಿಣ ಹಾಕಿದರೆ ಅಲ್ಲಿಯದು ಇಪ್ಪತ್ತು ಹಾಕಲೇಬೇಕು. ಇಲ್ಲಿಯ ಚೆಂಡೆ ಏರಿದರೆ ಅಲ್ಲಿಯದು ಇನ್ನೂ ಏರಬೇಕು. ಅರ್ಧರಾತ್ರಿ ಕಳೆಯುವ ಹೊತ್ತಿಗೆ ಕಥೆ ಎಲ್ಲಿ ಹೋಯಿತೋ ದೇವರೇ ಬಲ್ಲ. ಅತ್ತ ಇತ್ತ ತಿರುಗಿ ನೋಡಿ ಚಾಪೆಯಲ್ಲಿ ಕೂತ ನಮಗೆ ಕುತ್ತಿಗೆ ನೋವು. ಆದರೂ ಎದ್ದುಹೋಗುವ ಮನಸ್ಸಿಲ್ಲ. ಈ ಕಂಪೆನಿಗಳದ್ದೂ ಜೋಡಾಟವೇ ಅನಿಸಿತು.

ಈ ಆಟ ಇವತ್ತು ನಿನ್ನೆಯದಲ್ಲ. ಪರದೆಯ ಮೇಲೆ ಕಿಟಕಿಗಳನ್ನು ತೆರೆದು, ಇಲಿಯಂಥ ಸಾಧನದಿಂದ ತೋರಿಸಿ ಕೆಲಸ ಮಾಡಿಸುವ ಉಪಾಯ 1970ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ರೂಪುಗೊಂಡಿತ್ತು. 1984ರಲ್ಲಿ ಆಪಲ್ ಅದನ್ನು ಮ್ಯಾಕಿಂತೋಷ್ ಎಂಬ ಕಂಪ್ಯೂಟರಿನಲ್ಲಿ ಜನರ ಮುಂದೆ ಇಟ್ಟಿತು. ಮರುವರ್ಷವೇ ಮೈಕ್ರೋಸಾಫ್ಟಿನ ಮೊದಲ ವಿಂಡೋಸ್ ಬಂತು. ನಮ್ಮ ವೇಷವನ್ನು ಕದ್ದಿದ್ದೀರಿ ಎಂದು 1988ರಲ್ಲಿ ಆಪಲ್ ಕೋರ್ಟಿಗೆ ಹೋಯಿತು, ಗೆಲ್ಲಲಿಲ್ಲ. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗ ಅಮೆರಿಕದಲ್ಲಿ ಜನ ಅರ್ಧರಾತ್ರಿ ಅಂಗಡಿಯ ಮುಂದೆ ಸಾಲು ನಿಂತಿದ್ದರು. ಇಷ್ಟೆಲ್ಲ ಜಗಳವಾದ ಮೇಲೆ 1997ರಲ್ಲಿ ಆಪಲ್ ಸಂಕಟದಲ್ಲಿದ್ದಾಗ ಅದಕ್ಕೆ 15 ಕೋಟಿ ಡಾಲರ್ ಬಂಡವಾಳ ಕೊಟ್ಟದ್ದು ಅದೇ ಮೈಕ್ರೋಸಾಫ್ಟ್! ಜೋಡಾಟ ಮುಗಿದ ಬೆಳಗ್ಗೆ ಎರಡೂ ಚೌಕಿಯವರು ಒಂದೇ ಹೋಟೆಲಿನಲ್ಲಿ ಚಾ ಕುಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ನನಗೆ ಆಶ್ಚರ್ಯವಾಗಲಿಲ್ಲ.

ಮಗ ಹೇಳಿದ ಒಂದು ಮಾತು ಮಾತ್ರ ಸರಿ. ಬೆಂಬಲ ನಿಂತ ಯಂತ್ರ ಮರುದಿನವೇ ಸಾಯುವುದಿಲ್ಲ. ಆದರೆ ಅದರ ತಂತ್ರಾಂಶದಲ್ಲಿ ಮುಂದೆ ಯಾವುದಾದರೂ ಸಂದು ಕಂಡುಬಂದರೆ ಮುಚ್ಚುವವರಿರುವುದಿಲ್ಲ. ಕಳ್ಳರಿಗೆ ಆ ಸಂದು ಸಾಕು. ಬ್ಯಾಂಕಿನ ವ್ಯವಹಾರ ಮಾಡುವವರಿಗೆ ಇದು ತಮಾಷೆಯಲ್ಲ. ಹೊಸ ವಿಂಡೋಸಿಗೆ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಬೇಕು, ಪ್ರೊಸೆಸರು ಇಂತಿಷ್ಟು ಹೊಸದಿರಬೇಕು ಎಂಬ ನಿಯಮಕ್ಕೆ ಕಂಪೆನಿ ಕೊಡುವ ಕಾರಣವೂ ರಕ್ಷಣೆಯೇ. ಆಪಲ್‌ನವರೂ ಇದಕ್ಕೆ ಹೊರತಲ್ಲ. ಇಂಟೆಲ್ ಚಿಪ್ಪಿನ ಹಳೆಯ ಮ್ಯಾಕ್‌ಗಳಿಗೆ ತಾಹೋ ಎಂಬ ಆವೃತ್ತಿಯೇ ಕೊನೆಯದೆಂದು 2025ರ ಜೂನಿನಲ್ಲಿ ಹೇಳಿದರು. ಎರಡೂ ಮೇಳದಲ್ಲಿ ಹಳೆಯ ವೇಷಕ್ಕೆ ರಜೆ.

ಶನಿವಾರ ಮಧ್ಯಾಹ್ನ ಪೇಟೆಯ ಒಂದು ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಎದ್ದು ನಿಂತ. "ಟೀಚರ್, ನನ್ನ ಗುರ್ತ ಸಿಕ್ಕಿತಾ? ನೀವು ಒಂಬತ್ತರಲ್ಲಿ ನಮಗೆ ಕನ್ನಡ ಪಾಠ ಮಾಡಿದ್ದು." ಮಂಗಳೂರಿನಲ್ಲಿ ಮೂವತ್ತು ವರ್ಷ ಟೀಚರಾಗಿದ್ದರೆ ಇದೊಂದು ಕಷ್ಟ, ಚೌಕಾಸಿ ಮಾಡುವ ಹಾಗಿಲ್ಲ. ಹೊಸ ಎಐ ಯಂತ್ರ ತೋರಿಸಿದ. ತಗಡಿನಷ್ಟು ತೆಳು, 16 ಜಿಬಿ ನೆನಪಿನ ಶಕ್ತಿ, ಬೆಲೆ ಎಪ್ಪತ್ತೆರಡು ಸಾವಿರ. "ಹಳೆಯದಕ್ಕೆ ಎರಡು ಸಾವಿರ ಕೊಡ್ಬಹುದು ಟೀಚರ್" ಎಂದ. ಆಮೇಲೆ ತಲೆ ತಗ್ಗಿಸಿ ಕೇಳಿದ, "ನೀವು ಇದರಲ್ಲಿ ಎಂತ ಮಾಡ್ತೀರಿ?"

"ಪ್ರಶ್ನೆಪತ್ರಿಕೆ ಮಾಡ್ತೇನೆ ಮಾರಾಯಾ."

ಇಬ್ಬರೂ ನಕ್ಕೆವು. ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವವನನ್ನು 'ಬಿಟ್ಟ ಸ್ಥಳ ತುಂಬಿರಿ' ಎಂದು ಕೂರಿಸುವುದು ಆನೆಯನ್ನು ತೆಂಗಿನಕಾಯಿ ಸುಲಿಯಲು ಕರೆದ ಹಾಗೆ.

ನನ್ನ ಲ್ಯಾಪ್‌ಟಾಪ್ ನನ್ನೊಬ್ಬಳ ತಾಪತ್ರಯ. ಆದರೆ ಸೋಮವಾರ ಶಾಲೆಗೆ ಹೋದಾಗ ಅದೇ ತಾಪತ್ರಯ ಹನ್ನೆರಡು ಪಟ್ಟಾಗಿ ಕಾದಿತ್ತು. 2017ರಲ್ಲಿ ಹಳೆಯ ವಿದ್ಯಾರ್ಥಿಗಳು ಕೊಟ್ಟ ಹನ್ನೆರಡು ಕಂಪ್ಯೂಟರ್‌ಗಳು ನಮ್ಮಲ್ಲಿವೆ. ಅವುಗಳಿಗೂ ಹೊಸ ವಿಂಡೋಸ್ ಹಿಡಿಯುವುದಿಲ್ಲ. ಹೊಸದಾಗಿ ಹನ್ನೆರಡು ಕೊಳ್ಳಲು ಆಡಳಿತದವರಲ್ಲಿ ಹಣವಿಲ್ಲ. ಸ್ಟಾಫ್ ಮೀಟಿಂಗಿನಲ್ಲಿ, ಆ ಕೋಣೆಯನ್ನು ಕ್ರೀಡಾಸಾಮಗ್ರಿ ಇಡಲು ಬಳಸೋಣವೆಂಬ ಮಾತು ಬಂತು. ಕಂಪ್ಯೂಟರ್‌ಗಳನ್ನು ತೂಕಕ್ಕೆ ಕೊಡುವುದೆಂದೂ ಆಯಿತು. ಯಾರೂ ವಿರೋಧಿಸಲಿಲ್ಲ. ನಾನೂ ಸುಮ್ಮನಿದ್ದೆ. ಮೀಟಿಂಗಿನಲ್ಲಿ ಬಿಸ್ಕತ್ತು ತಿಂದು ಎದ್ದುಬರುವ ಸಾಧು ಪ್ರಾಣಿ ನಾನು.

ಮಧ್ಯಾಹ್ನದ ಬಿಡುವಿನಲ್ಲಿ ಆ ಕೋಣೆಯ ಮುಂದಿನಿಂದ ಹಾದುಹೋಗುವಾಗ ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ ಒಳಗೆ ಕೂತಿದ್ದಳು. ತಾಯಿ ಬೀಡಿ ಕಟ್ಟುತ್ತಾರೆ, ತಂದೆ ಇಲ್ಲ. ಊಟ ಬೇಗ ಮುಗಿಸಿ ದಿನವೂ ಇಲ್ಲಿ ಬಂದು ಕನ್ನಡ ಟೈಪು ಮಾಡಲು ಕಲಿಯುತ್ತಿದ್ದಾಳೆ. ಶಾಲೆಯ ಕೈಬರಹ ಪತ್ರಿಕೆಯನ್ನು ಈ ವರ್ಷ ಅಚ್ಚಿನ ಹಾಗೆ ಮಾಡಬೇಕೆಂದು ಅವಳ ಆಸೆ. "ಟೀಚರ್, ನಮ್ಮ ಕಂಪ್ಯೂಟರ್ ರೂಮು ಬಂದ್ ಆಗ್ತದಾ?" ಎಂದು ಕೇಳಿದಳು. ಸುದ್ದಿ ಅವಳಿಗೆ ಮೊದಲೇ ಮುಟ್ಟಿತ್ತು. ನಾನು ಉತ್ತರ ಕೊಡಲಿಲ್ಲ. ನೀರಿನ ಬಾಟ್ಲಿಯ ಮುಚ್ಚಳ ತಿರುಗಿಸುತ್ತಾ ನಿಂತೆ. 'ಆಮೇಲೆ ನೆನಪಿಸಿ' ಗುಂಡಿ ಅವಳ ಮುಖದಲ್ಲಿ ಇರಲಿಲ್ಲ.

ಆ ರಾತ್ರಿ ನಾದಿನಿಗೆ ಫೋನು ಮಾಡಿದೆ. ಅವಳು ಕುಂಬಳೆಯ ಹತ್ತಿರ ಕನ್ನಡ ಮಾಧ್ಯಮ ಶಾಲೆಯ ಟೀಚರು. ನಮ್ಮಲ್ಲಿಂದ ಬಸ್ಸು ಹತ್ತಿ ತಲಪಾಡಿ ದಾಟಿದರೆ ಅವಳ ಊರು ದೂರವೇನಲ್ಲ. ಆದರೆ 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದ್ದು. ನಾವು ಇಲ್ಲಿ ಕೂತು ಅಯ್ಯೋ ಪಾಪ ಅನ್ನುವುದು, ಅವರು ಅಲ್ಲಿ ಕನ್ನಡವನ್ನು ಹಲ್ಲು ಕಚ್ಚಿ ಉಳಿಸುವುದು ನಡೆದೇ ಇದೆ.

"ಅತ್ತಿಗೆ, ನಮಗೆ ಈ ರಗಳೆ ಇಲ್ಲ. ನಮ್ಮ ಶಾಲೆಯಲ್ಲಿ ವಿಂಡೋಸೇ ಇಲ್ಲ" ಎಂದಳು.

ಅವಳು ಹೇಳಿದ್ದರ ಸಾರ ಇಷ್ಟು. ಕೇರಳ ಸರಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಶುರುಮಾಡಿತು. ಕೆಲವು ವರ್ಷಗಳಲ್ಲಿ ಸರಕಾರಿ, ಅನುದಾನಿತ ಶಾಲೆಗಳ ಕಂಪ್ಯೂಟರ್‌ಗಳು ಸ್ವತಂತ್ರ ತಂತ್ರಾಂಶಕ್ಕೆ, ಅಂದರೆ ಗ್ನೂ ಲಿನಕ್ಸಿಗೆ ತಿರುಗಿದವು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ಲಿನಕ್ಸ್ ಯಾರೊಬ್ಬರ ಆಸ್ತಿಯಲ್ಲ. 1991ರಲ್ಲಿ ಫಿನ್ಲೆಂಡಿನ ಲೈನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಶುರುಮಾಡಿದ. ಲೋಕದ ಎಷ್ಟೋ ಜನ ಸೇರಿ ಬೆಳೆಸಿದರು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು. ದೊಡ್ಡ ಮೇಳಗಳೆರಡು ಚೆಂಡೆ ಬಡಿಯುತ್ತಿರುವಾಗ ಊರವರೇ ಸೇರಿ ಕಟ್ಟಿದ ಮೂರನೆಯ ರಂಗಸ್ಥಳವೊಂದು ಪಕ್ಕದಲ್ಲೇ ಇತ್ತು. ಟಿಕೇಟಿಲ್ಲದ ಆಟವೆಂದು ನಾವು ಆ ಕಡೆ ಕುತ್ತಿಗೆ ತಿರುಗಿಸಿರಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ನಾನೇ ಹೋದೆ. "ಗುಜರಿಯವನನ್ನು ಒಂದು ವಾರ ತಡೆಯಿರಿ ಮೇಡಂ. ಎರಡು ಕಂಪ್ಯೂಟರ್ ನನಗೆ ಪರೀಕ್ಷೆಗೆ ಕೊಡಿ. ಹಾಳಾದರೆ ಹೇಗೂ ತೂಕಕ್ಕೆ ಹೋಗುವುದಲ್ಲವೆ?" ಎಂದೆ. ಅಷ್ಟು ಹೇಳಲು ನನ್ನ ಕೈ ಬೆವರಿತ್ತು. ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ನಿಮಗೆ ಇದೆಲ್ಲ ಬರ್ತದಾ?" "ನನಗೆ ಬರುವುದಿಲ್ಲ. ನನ್ನ ನಾದಿನಿಗೆ ಬರ್ತದೆ" ಎಂದೆ. ಒಪ್ಪಿದರು.

ಭಾನುವಾರ ನಾದಿನಿ ಬಂದಳು. ಚೀಲದಲ್ಲಿ ನನಗೆಂದು ಹಲಸಿನ ಹಪ್ಪಳ, ಶಾಲೆಗೆಂದು ಒಂದು ಪೆನ್ ಡ್ರೈವ್. ಮೊದಲು ಯಂತ್ರದೊಳಗಿನ ಯಾವುದನ್ನೂ ಮುಟ್ಟದೆ ಪೆನ್ ಡ್ರೈವಿನಿಂದಲೇ ಲಿನಕ್ಸ್ ನಡೆಸಿ ತೋರಿಸಿದಳು. ಹುಡುಗನನ್ನು ನೋಡಿ ಒಪ್ಪಿಗೆಯಾದ ಮೇಲೆ ಮದುವೆ ಎಂಬ ಕ್ರಮ ಇದರಲ್ಲಿ ಉಂಟು, ಒಳ್ಳೆಯದು. ಪರದೆ ನೋಡಲು ಸ್ವಲ್ಪ ಬೇರೆ, ಆದರೆ ಕಡತ, ಕಿಟಕಿ, ಬರೆಯುವ ಹಾಳೆ ಎಲ್ಲ ಇದ್ದಲ್ಲೇ. ಕನ್ನಡ ಟೈಪಿಗೆ ಎಲ್ಲಿ ಹೋಗುವುದು ಎಂದು ನಾನು ಹೆದರಿದ್ದೆ. ನಮ್ಮ ಬೆರಳಿಗೆ ಪರಿಚಯದ ನುಡಿಯ ಕೀಲಿಮಣೆಯೇ ಅಲ್ಲಿಯೂ ಇತ್ತು.

ಆ ಕೀಲಿಮಣೆಯ ಮೂಲ ವಿನ್ಯಾಸ ಮಾಡಿದವರು ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು. ಕಂಪ್ಯೂಟರಿಗೆ ಕನ್ನಡ ಕಲಿಸಿದವರಲ್ಲಿ ಮೊದಲಿಗರು. ತಾವು ಮಾಡಿದ ಕನ್ನಡ ತಂತ್ರಾಂಶಕ್ಕೆ ಸೇಡಿಯಾಪು ಎಂದು ಹೆಸರಿಟ್ಟು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರನ್ನು ನೆನೆದವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟ ಊರಿಗೆ ಇದು ತಕ್ಕ ಮುಂದುವರಿಕೆಯೇ. ಕಂಪೆನಿಗಳ ಬಿಡುಗಡೆಯ ತಾರೀಕು ಮಕ್ಕಳಿಗೆ ಬಾಯಿಪಾಠ ಬರುತ್ತದೆ. ದಿನವೂ ಬೆರಳಾಡಿಸುವ ಅಕ್ಷರದ ಮನೆಯನ್ನು ಕಟ್ಟಿದವರು ಯಾರೆಂದು ಕೇಳಿದರೆ ಗೊತ್ತಿಲ್ಲ. ತಪ್ಪು ಅವರದ್ದಲ್ಲ, ನಾವು ಹೇಳಲಿಲ್ಲ.

ಎಲ್ಲ ಸಲೀಸಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹನ್ನೆರಡರಲ್ಲಿ ಮೂರು ಯಂತ್ರ ಏಳಲೇ ಇಲ್ಲ. ಅವುಗಳ ಬಿಡಿಭಾಗ ತೆಗೆದು ಉಳಿದವಕ್ಕೆ ಹಾಕಿದಳು. ಪ್ರಿಂಟರು ಎರಡು ದಿನ ಮುನಿಸಿಕೊಂಡಿತು. ಆಫೀಸಿನ ಗುಮಾಸ್ತರು ತಮ್ಮ ಯಂತ್ರಕ್ಕೆ ಇದು ಬೇಡವೆಂದರು. ಅವರ ಕೆಲಸ ಬೇರೆ, ಒತ್ತಾಯಿಸಲಿಲ್ಲ. ಅಂತೂ ದಸರಾ ರಜೆ ಸಿಗುವ ಮೊದಲು ಒಂಬತ್ತು ಕಂಪ್ಯೂಟರ್‌ಗಳು ಜೀವ ಹಿಡಿದವು. ಚೆಂಡು, ಬ್ಯಾಟು ಹಳೆಯ ಕಪಾಟಿನಲ್ಲೇ ಉಳಿದವು. ಆ ಹುಡುಗಿ ಮೊದಲ ದಿನವೇ ಬಂದು ಹೊಸ ಪರದೆಯಲ್ಲಿ ತನ್ನ ಹೆಸರು ಟೈಪು ಮಾಡಿ, ನನ್ನ ಕಡೆ ತಿರುಗಿ, "ಇದರಲ್ಲೂ ಬರ್ತದೆ ಟೀಚರ್" ಎಂದಳು.

ಇನ್ನು ಅಮ್ಮನ ಹಾಡುಗಳು. ಇಂಗ್ಲಿಷ್ ಅಕ್ಷರ, ಕೊಕ್ಕೆ, ಟೋಪಿಗಳ ರಹಸ್ಯವನ್ನು ನಾದಿನಿಯೇ ಬಿಡಿಸಿದಳು. ಹಿಂದೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳಲ್ಲಿ, ಕಂಪ್ಯೂಟರಿಗೆ ಒಳಗೊಳಗೆ ಇಂಗ್ಲಿಷಿನ ಸಂಕೇತಗಳನ್ನೇ ಕೊಟ್ಟು, ಮೇಲಿನಿಂದ ಕನ್ನಡದ ಆಕಾರ ತೊಡಿಸುತ್ತಿದ್ದರು. ಕಂಪ್ಯೂಟರಿಗೆ ಕನ್ನಡ ಗೊತ್ತಿಲ್ಲದ ಕಾಲಕ್ಕೆ ಅದು ಬಹು ದೊಡ್ಡ ಉಪಕಾರ. ಅದಿಲ್ಲದಿದ್ದರೆ ಎಷ್ಟೋ ಪುಸ್ತಕ ಅಚ್ಚಾಗುತ್ತಿರಲಿಲ್ಲ. ಆದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ಒಳಗಿನ ಸಂಕೇತವೇ ಬತ್ತಲೆಯಾಗಿ ಕಾಣಿಸುತ್ತದೆ. "ಅಕ್ಷರ ಎಲ್ಲಿಗೂ ಹೋಗಿಲ್ಲ ಅತ್ತಿಗೆ, ಅಂಗಿ ಮಾತ್ರ ಇಲ್ಲ" ಎಂದಳು. ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಹಾಗಲ್ಲ. ಅಲ್ಲಿ ಕ ಎಂಬುದಕ್ಕೆ ಲೋಕದಲ್ಲೆಲ್ಲ ಒಂದೇ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ವಿಂಡೋಸಿನೊಳಗೆ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ. ನಮ್ಮ ತುಳು ತಿಗಳಾರಿ ಲಿಪಿ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ. ಹೊಸದೆಲ್ಲ ಬರಿಯ ಗದ್ದಲವಲ್ಲ ಎನ್ನುವುದನ್ನು ನಾನು ಅಲ್ಲಿ ಒಪ್ಪಬೇಕಾಯಿತು.

ಪರಿವರ್ತಕ ಎಂಬ ತಂತ್ರಾಂಶದಿಂದ ಅರವತ್ತೆರಡು ಹಾಡುಗಳನ್ನೂ ಒಂದೇ ಸಂಜೆಯಲ್ಲಿ ಯೂನಿಕೋಡಿಗೆ ತಿರುಗಿಸಿದಳು. ಆದರೆ ಅಲ್ಲಲ್ಲಿ ಅರ್ಕಾವತ್ತು ತಪ್ಪಿ, ಒತ್ತಕ್ಷರ ಜಾರಿ ಬಿದ್ದಿತ್ತು. "ಇದನ್ನು ಯಂತ್ರ ಸರಿ ಮಾಡುವುದಿಲ್ಲ. ನೀವೇ ಕೂತು ಓದಬೇಕು" ಎಂದು ಹೇಳಿ ಬಸ್ಸು ಹತ್ತಿದಳು.

ಅಕ್ಟೋಬರ್ 14 ಮಂಗಳವಾರ. ಸಮೀಕ್ಷೆಯ ಕೆಲಸಕ್ಕಾಗಿ ದಸರಾ ರಜೆಯನ್ನು ಮುಂದುವರಿಸಿದ್ದರು. ಮನೆಮನೆ ಸುತ್ತಿ ಬಂದು ಕಾಲಿಗೆ ಬಿಸಿನೀರು ಹೊಯ್ದುಕೊಂಡು ಲ್ಯಾಪ್‌ಟಾಪ್ ತೆರೆದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ವಿಂಡೋಸ್ 10ಕ್ಕೆ ಇನ್ನೂ ಒಂದು ವರ್ಷದ ಮಟ್ಟಿಗೆ ರಕ್ಷಣೆಯ ತಿದ್ದುಪಡಿ ಪಡೆಯಲು ಕಂಪೆನಿಯವರೇ ದಾರಿ ಇಟ್ಟಿದ್ದರು. ಅವರಲ್ಲಿ ಖಾತೆ ತೆರೆದು ನಮ್ಮ ಸೆಟ್ಟಿಂಗ್‌ಗಳನ್ನು ಅಲ್ಲಿ ಉಳಿಸಿದರೆ ದುಡ್ಡು ಬೇಡ. ಮಗ ಫೋನಿನಲ್ಲೇ ಹೇಳಿಕೊಟ್ಟ, ನಾನು ಹೆಸರು ನೋಂದಾಯಿಸಿದೆ. ಮನೆಯಲ್ಲಿ ಇಂಥ ಹಳೆಯ ಯಂತ್ರವಿದ್ದರೆ ನೀವು ಸಹ ಗುಜರಿಯವನನ್ನು ಕರೆಯುವ ಮೊದಲು ಇಂಥ ದಾರಿ ಏನುಂಟೆಂದು ವಿಚಾರಿಸಿ. ಮಕ್ಕಳನ್ನೇ ಕೇಳಿ, ಬೈಯುತ್ತಾ ಆದರೂ ಹೇಳಿಕೊಡುತ್ತಾರೆ.

ಆಮೇಲೆ ಹಾಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾ ತಿದ್ದಲು ಕೂತೆ. ಟೈಪು ಮಾಡಿದ ಮೇಲೆ ಏಳು ವರ್ಷ ನಾನು ಇವನ್ನು ಜೋಪಾನ ಮಾಡಿದ್ದೆನೇ ಹೊರತು ಓದಿರಲಿಲ್ಲ! ಹದಿನೇಳನೆಯ ಹಾಡಿನಲ್ಲಿ ಒಂದು ಸಾಲು ಅರ್ಥವಾಗಲಿಲ್ಲ. ಇದು ಪರಿವರ್ತಕದ ತಪ್ಪಲ್ಲ, ನಾನೇ ಅಂದು ಅವಸರದಲ್ಲಿ ಏನೋ ಕುಟ್ಟಿದ್ದೆ. ಅಮ್ಮ ಹೇಳುತ್ತಿದ್ದಾಗ ಒಲೆಯ ಮೇಲೆ ಹಾಲು ಉಕ್ಕಿತ್ತು, ಎದ್ದು ಓಡಿದ್ದೆ. "ಇನ್ನೊಂದು ಸಲ ಹೇಳ್ಲಾ?" ಎಂದು ಅವರು ಕೇಳಿದ್ದು, "ಬೇಡ, ಆಮೇಲೆ" ಎಂದು ನಾನು ಹೇಳಿದ್ದು ಎರಡೂ ನೆನಪಿಗೆ ಬಂದವು.

ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮತ್ತೆ ವಿಟ್ಲದಲ್ಲಿರುವ ದೊಡ್ಡಮ್ಮನಿಗೆ ಫೋನು ಮಾಡಿದೆ. ಅವರಿಗೆ ಎಂಬತ್ತೆಂಟು ವರ್ಷ, ಕಿವಿ ಮಂದ. ಎರಡು ಸಲ ಕೂಗಿ ಹೇಳಿದ ಮೇಲೆ ಯಾವ ಹಾಡೆಂದು ತಿಳಿಯಿತು. "ಅದಾ? ಅದನ್ನು ಹೇಳ್ಲಿಕ್ಕಾಗುವುದಿಲ್ಲ, ಹಾಡ್ಬೇಕು. ನಿನಗೆ ಪುರುಸೊತ್ತುಂಟಾ?" ಎಂದು ಕೇಳಿದರು.

"ಉಂಟು ದೊಡ್ಡಮ್ಮ" ಎಂದೆ. ಒಲೆ ಆರಿಸಿ ಬಂದು ಕೂತೆ.